ಕೂರಿಗಿಯ ಅಳತೆ

ನಮ್ಮ ಕಡೆಯ ಹಿರಿಯರು ಈಗಲೂ ಹೊಲವನ್ನು ಎಕರೆಯಲ್ಲಿ ಹೇಳುವುದಿಲ್ಲ, ಕೂರಿಗಿಯಲ್ಲಿ ಹೇಳುತ್ತಾರೆ. ಒಂದು ಜೋಡೆತ್ತು, ಒಂದು ಕೂರಿಗಿ, ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಬಿತ್ತಿದರೆ ಎಷ್ಟು ನೆಲ ಮುಗಿಯುತ್ತದೋ ಅದು ಒಂದು ಕೂರಿಗಿ ಹೊಲ. 1976ರಲ್ಲಿ ಮೊರಬದಿಂದ ಟ್ರಂಕು ಹೊತ್ತುಕೊಂಡು ಧಾರವಾಡದ ಕೃಷಿ ಕಾಲೇಜಿಗೆ ಹೋದ ನಾನು ಇದೇ ಲೆಕ್ಕ ಹೇಳಿ ಸಿಕ್ಕಿಬಿದ್ದೆ.

ಬೇಸಾಯಶಾಸ್ತ್ರದ ಮೊದಲ ಪ್ರಾಕ್ಟಿಕಲ್ಲು. ಎತ್ತಿನಗುಡ್ಡದ ಫಾರ್ಮಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದ್ದರು. ಗುರುಗಳು ಒಬ್ಬೊಬ್ಬರನ್ನೇ ಊರು ಯಾವುದು, ಹೊಲ ಎಷ್ಟು ಎಂದು ಕೇಳುತ್ತ ಬಂದರು. ನನ್ನ ಸರದಿ ಬಂದಾಗ ಎದೆಯುಬ್ಬಿಸಿ ಹೇಳಿದೆ: “ಮೊರಬರಿ ಸರ್. ಮೂರು ಕೂರಿಗಿ ಎರಿ ಹೊಲ ಐತ್ರಿ.”

“ಭೇಷ್. ನಿಮ್ಮಪ್ಪನ ಕೂರಿಗಿಗೆ ತಾಳು ಎಷ್ಟು?”

“ಮೂರ್ರೀ.”

“ತಾಳಿನಿಂದ ತಾಳಿಗೆ ಎಷ್ಟು ಅಂತರ?”

ತಾಳು ಎಂದರೆ ನೆಲದಲ್ಲಿ ಬಿತ್ತುವ ಸಾಲು ಸೀಳುವ ಕಾಲು. ನಾನು ಹುಟ್ಟಿದಾಗಿನಿಂದ ನೋಡಿದ ಕೂರಿಗಿ ಅದು. ಬಿತ್ತುವ ದಿನ ಅವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುತ್ತಿದ್ದಳು. ಅದರ ಬಟ್ಟಲಿಗೆ ಬೀಜ ಬಿಡುವವಳೂ ಅವಳೇ. ಆದರೆ ಅಂತರ? “ಗೊತ್ತಿಲ್ರಿ ಸರ್” ಅಂದೆ. ಹುಡುಗರು ನಕ್ಕರು. ಗುರುಗಳು ನಗಲಿಲ್ಲ. “ಶನಿವಾರ ಸಂಜಿ ಬಸ್ಸಿಗೆ ಊರಿಗೆ ಹೋಗು. ಅಳದು ತಂದು ಸೋಮವಾರ ತೋರಸು. ಅಲ್ಲೀತನಕ ನಿನ್ನ ರೆಕಾರ್ಡ್ ಪುಸ್ತಕಕ್ಕ ನಾ ಸಹಿ ಹಾಕೂದಿಲ್ಲ” ಅಂದರು.

ಊರಲ್ಲಿ ಅಪ್ಪ ಬಿದ್ದು ಬಿದ್ದು ನಕ್ಕ. ಫೀ ಕಟ್ಟಿ ಕಾಲೇಜಿಗೆ ಕಳಿಸಿದ ಮಗ ಮನೆಯ ಕೂರಿಗಿ ಅಳೆಯಲು ಬಂದನಲ್ಲ ಎಂದು ಅವನಿಗೆ ತಮಾಷೆ. ಆಮೇಲೆ ತನ್ನ ಮುಂಗೈಯನ್ನೇ ಎರಡು ತಾಳಿನ ನಡುವೆ ಇಟ್ಟು ತೋರಿಸಿದ. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಸರಿಯಾಗಿ ಕೂತಿತು. “ಇದು ಜ್ವಾಳದ ಕೂರಿಗಿ. ನಾಳೆ ಎಡಿ ಹೊಡಿಯೂ ಮುಂದ ಎತ್ತು ಸಾಲಿನಾಗ ಬೆಳಿ ತುಳೀದಂಗ ನಡೀಬೇಕಲ್ಲೋ, ಅದಕ್ಕ ಇಷ್ಟು. ಗೋದಿಗೆ ಇಷ್ಟು ಬ್ಯಾಡ.” ನಾನು ಗೋಣಿ ಹೊಲಿಯುವ ದಾರವೊಂದನ್ನು ಮೂರೂ ತಾಳಿಗೆ ಅಡ್ಡಲಾಗಿ ಹಿಡಿದು ಮೂರು ಕಡೆ ಗಂಟು ಹಾಕಿದೆ. ಮೂರು ಗಂಟು ಹಾಕಿಸಿಕೊಂಡು ಹೊಂಟೆಯಾ ಎಂದು ಅವ್ವ ಚಾಷ್ಟಿ ಮಾಡಿದಳು.

ಸೋಮವಾರ ಗುರುಗಳು ಸ್ಕೇಲು ಇಟ್ಟು ನೋಡಿದರು. ಹದಿನೇಳೂವರೆ ಇಂಚು. “ಪುಸ್ತಕದಾಗ ಹದಿನೆಂಟು ಅಂತ ಐತಿ. ಅರ್ಧ ಇಂಚು ಪುಸ್ತಕದ್ದು ತಪ್ಪೋ, ನಿಮ್ಮೂರ ಬಡಿಗ್ಯಾರದು ತಪ್ಪೋ?” ಎಂದು ಇಡೀ ಕ್ಲಾಸಿಗೆ ಕೇಳಿದರು. ಉತ್ತರ ಹೇಳಲಿಲ್ಲ. ದಾರವನ್ನು ಸುತ್ತಿ ತಮ್ಮ ಮೇಜಿನ ಡ್ರಾವರಿಗೆ ಹಾಕಿಕೊಂಡು ಸಹಿ ಹಾಕಿದರು.

ಆ ಕಾಲೇಜು ಶುರುವಾದದ್ದು 1947ರಲ್ಲಿ. ಮೈಸೂರು ಸೀಮೆಯವರಿಗೆ ಹೆಬ್ಬಾಳದ ಕಾಲೇಜು ಒಂದು ವರ್ಷ ಮೊದಲೇ, 1946ರಲ್ಲಿ ಆಗಿತ್ತು. ನಾವು ಮುಂಬಯಿ ಪ್ರಾಂತದವರು. ಅದಕ್ಕೂ ಮುಂಚೆ ಧಾರವಾಡ ಜಿಲ್ಲೆಯ ಹುಡುಗ ಕೃಷಿ ಪದವಿ ಓದಬೇಕೆಂದರೆ ಪುಣೆಯ ಕೃಷಿ ಕಾಲೇಜಿಗೆ ಹೋಗಬೇಕಿತ್ತು. ಹೋಗಿ ಬಂದವರು ಮರಾಠಿ ಕಲಿತು, ಸರಕಾರಿ ಸಾಹೇಬರಾಗಿ ಬರುತ್ತಿದ್ದರೇ ಹೊರತು ಬೆಳವಲದ ಕಪ್ಪು ಎರಿ ನೆಲಕ್ಕೆ ಮರಳಿದವರು ಕಡಿಮೆ. ನಾನು ಸೇರುವ ಹೊತ್ತಿಗೆ ಧಾರವಾಡದ ಕಾಲೇಜು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೆಳಗೆ ಬಂದಿತ್ತು. 1964ರಲ್ಲಿ ಹುಟ್ಟಿದ ಆ ವಿಶ್ವವಿದ್ಯಾಲಯ ಅಮೆರಿಕದ ಲ್ಯಾಂಡ್ ಗ್ರಾಂಟ್ ಪದ್ಧತಿಯದು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ. ಪಾಠ ಹೇಳಿದ ಮೇಷ್ಟ್ರೇ ಪ್ರಶ್ನೆ ತೆಗೆದು ಮಾರ್ಕು ಹಾಕುವುದರಿಂದ ಅವರ ಮುಂದೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಧಾರವಾಡಕ್ಕೇ ಸ್ವಂತ ಕೃಷಿ ವಿಶ್ವವಿದ್ಯಾಲಯ ಆದದ್ದು 1986ರ ಅಕ್ಟೋಬರ್ 1ರಂದು. ಅಷ್ಟರಲ್ಲಿ ನಾನು ಇಲಾಖೆಯ ನೌಕರಿಗೆ ಸೇರಿ ಆರು ವರ್ಷವಾಗಿತ್ತು.

ಹಾಸ್ಟೆಲ್ಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ಹಾಸ್ಟೆಲ್ಲಿನ ಸಾರೂ ಒಂದೇ. ಆದರೆ ಸೋಮವಾರದ ರಾತ್ರಿ ಊಟ ನಮ್ಮ ಕೋಣೆಯಲ್ಲೇ. ಊರಿಗೆ ಹೋಗಿ ಬಂದವರ ಬುತ್ತಿ ಬಿಚ್ಚಿದರೆ ಕುಂದಗೋಳದ ಕೆಂಪು ಖಾರ, ಕಲಘಟಗಿಯ ಅಕ್ಕಿ, ನಮ್ಮ ಮನೆಯ ಜೋಳದ ಕಟಕ ರೊಟ್ಟಿ, ಗುರೆಳ್ಳು ಚಟ್ನಿ. ಒಂದೇ ಜಿಲ್ಲೆಯೊಳಗೆ ಮಳೆ ಹೇಗೆ ಪಡುವಣದಿಂದ ಮೂಡಣಕ್ಕೆ ಇಳಿಯುತ್ತ ಹೋಗುತ್ತದೆ ಎಂಬುದನ್ನು ನಾನು ಹವಾಮಾನದ ಪಾಠಕ್ಕಿಂತ ಮೊದಲು ಆ ಬುತ್ತಿಗಳಲ್ಲಿ ತಿಳಿದೆ.

ಗುರುಗಳಿಗೆ ಹತ್ತಿಯ ಚರಿತ್ರೆಯ ಹುಚ್ಚಿತ್ತು. ಒಮ್ಮೆ ಹುಬ್ಬಳ್ಳಿಯಿಂದ ನವಲಗುಂದದ ಕಡೆ ಕರೆದುಕೊಂಡು ಬರುವಾಗ ಕುಸುಗಲ್ಲದ ಹತ್ತಿರ ಬಸ್ಸು ನಿಲ್ಲಿಸಿ ಎಲ್ಲರನ್ನೂ ಇಳಿಸಿದರು. ನೋಡಲು ಅಲ್ಲೇನೂ ಇರಲಿಲ್ಲ, ಬರಿಯ ಎರಿ ಹೊಲ. “ಧಾರವಾಡದ ಮೊದಲನೇ ಕೃಷಿ ಕಾಲೇಜು ಇದು” ಅಂದರು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಹಿಂದುಸ್ಥಾನಕ್ಕೆ ಕರೆಸಿತ್ತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದೆಳೆಯ ಹತ್ತಿ ಬೇಕಿತ್ತು. ಅವರಲ್ಲಿ ಮರ್ಸರ್ ಎಂಬವನು ಈ ಕುಸುಗಲ್ಲದಲ್ಲಿ ಪ್ರಯೋಗದ ಹೊಲ ಮಾಡಿದ. ಕಲೆಕ್ಟರ್ ಶಾ ಅದಕ್ಕೆ ಬೆನ್ನಾಗಿ ನಿಂತ. ದೇಶದ ಬೇರೆ ಕಡೆ ನ್ಯೂ ಓರ್ಲಿಯನ್ಸ್ ಹತ್ತಿ ನೆಲ ಕಚ್ಚಿದರೆ ಧಾರವಾಡ ಸೀಮೆಯಲ್ಲಿ ಮಾತ್ರ ಬೇರು ಬಿಟ್ಟಿತು. ಮುಂಗಾರು ಮುಗಿದ ಮೇಲೂ ನಮಗೆ ಹಿಂಗಾರಿನ ಮಳೆ ಇದೆ, ಹಸಿ ಹಿಡಿದಿಡುವ ಕಪ್ಪು ನೆಲ ಇದೆ. ಅದಕ್ಕೇ ‘ಧಾರವಾಡ ಅಮೆರಿಕನ್’ ಎಂದು ಹೆಸರು ಬಿತ್ತು. ಅದಕ್ಕೂ ಮುಂಚಿನ ನಮ್ಮ ದೇಶಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರು. ಬೆಳೆಯುವವರು ನಾವು, ಹೆಸರು ಮಾತ್ರ ಹಡಗು ಹತ್ತುವ ಬಂದರಿನದು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಧಾರಣೆ ಏರಿತು. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು. “ಇದನ್ನ ನೆನಪಿಡ್ರಿ, ಮುಂದ ಉಪಯೋಗಕ್ಕ ಬರತೈತಿ” ಅಂದು ಬಸ್ಸು ಹತ್ತಿಸಿದರು.

ಉಪಯೋಗಕ್ಕೆ ಬರಲು ಬಹಳ ದಿನ ಬೇಕಾಗಲಿಲ್ಲ.

ನಾವು ಓದುತ್ತಿದ್ದ ಕಾಲದ ದೊಡ್ಡ ಹೆಮ್ಮೆ ವರಲಕ್ಷ್ಮಿ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ಅವರು 1972ರಲ್ಲಿ ಹೊರತಂದ ಹೈಬ್ರಿಡ್ ಹತ್ತಿ. ಲಕ್ಷ್ಮಿ ತಳಿ ತಾಯಿ, ರಷ್ಯಾದಿಂದ ಬಂದ ಎಸ್‌ಬಿ 289ಇ ತಂದೆ. ಹತ್ತಿಯ ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ರೈತರ ಹೊಲಕ್ಕೆ ಇಳಿಸಿದ ಮೊದಲ ಹೈಬ್ರಿಡ್ ಅದು. ತಳಿಶಾಸ್ತ್ರದ ಪ್ರಾಕ್ಟಿಕಲ್ಲಿನಲ್ಲಿ ನಾವೂ ಕ್ರಾಸಿಂಗ್ ಮಾಡಿದೆವು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಹಿಡಿದು, ಹೆಬ್ಬೆರಳ ಉಗುರಿನಿಂದ ಬುಡದಲ್ಲಿ ಸುತ್ತ ಗೀರಿ, ಎಸಳೂ ಕೇಸರವೂ ಕೂಡಿ ಟೊಪ್ಪಿಗೆ ಬಿಚ್ಚಿದ ಹಾಗೆ ಎಳೆದು ತೆಗೆಯಬೇಕು. ನಡುವಿನ ಕಡ್ಡಿಗೆ ಒಂದಿಷ್ಟೂ ನೋವಾಗಬಾರದು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗ ಅದಕ್ಕೆ ಸವರಬೇಕು. ನನ್ನ ಮೊದಲ ಹತ್ತು ಮೊಗ್ಗಿನಲ್ಲಿ ಎಂಟು ಉದುರಿದವು. ಗುರುಗಳು ಫಾರ್ಮಿನಲ್ಲಿ ಕೂಲಿಗೆ ಬರುತ್ತಿದ್ದ ಹುಡುಗಿಯೊಬ್ಬಳನ್ನು ಕರೆದು, “ಇವರಿಗೆ ಕಲಸವಾ” ಅಂದರು. ಆಕೆಯ ಹತ್ತಕ್ಕೆ ಹತ್ತೂ ನಿಂತವು. ಹೈಬ್ರಿಡ್ ಬೀಜದ ಚರಿತ್ರೆ ಬರೆಯುವವರು ಆ ಉಗುರುಗಳ ಲೆಕ್ಕ ಯಾಕೆ ಬಿಟ್ಟುಬಿಡುತ್ತಾರೋ ನನಗೆ ತಿಳಿಯದು.

ಮಲಪ್ರಭೆಯ ಕಾಲುವೆ ನೀರು ಬಂದ ನಮ್ಮ ಸೀಮೆಯ ಹೊಲಗಳಿಗೆ ವರಲಕ್ಷ್ಮಿ ಬಂತು. ಮೊದಲು ಒಳ್ಳೆಯ ರೊಕ್ಕ ತಂದಿತು. ಮಂದಿ ಜೋಳ ಬಿಟ್ಟು ಹತ್ತಿ ಹಾಕಿದರು, ಗೊಬ್ಬರಕ್ಕೂ ಎಣ್ಣಿಗೂ ಸಾಲ ಮಾಡಿದರು. ಎಣ್ಣಿ ಎಂದರೆ ನಮ್ಮಲ್ಲಿ ಕೀಟನಾಶಕ. ದಶಕದ ಕೊನೆಗೆ ಹತ್ತಿಯ ಧಾರಣೆ ಕುಸಿಯಿತು. ಅದೇ ಹೊತ್ತಿಗೆ ನೀರಾವರಿಯ ಅಭಿವೃದ್ಧಿ ಕರ ಕಟ್ಟಿರೆಂದು ಸರಕಾರದ ನೋಟೀಸು. ಎರಿ ನೆಲದಲ್ಲಿ ನೀರು ಬಸಿದು ಹೋಗಲು ದಾರಿಯಿಲ್ಲದೆ ಸವಳು ಏಳತೊಡಗಿತ್ತು, ಕೆಲವರ ಹೊಲಕ್ಕೆ ನೀರೇ ಮುಟ್ಟಿರಲಿಲ್ಲ. ಕರ ಮಾತ್ರ ಎಲ್ಲರಿಗೂ.

1980ರ ಜುಲೈ 21. ನಾನು ಪರೀಕ್ಷೆ ಮುಗಿಸಿ ಇನ್ನೂ ಹಾಸ್ಟೆಲ್ಲಿನಲ್ಲೇ ಇದ್ದೆ. ನವಲಗುಂದದಲ್ಲಿ ತಹಶೀಲ್ದಾರ ಕಚೇರಿಗೆ ಹೋದ ರೈತರ ಮೇಲೆ ಗೋಲೀಬಾರು ಆಗಿದೆ ಎಂಬ ಸುದ್ದಿ ರಾತ್ರಿ ಬಂತು. ಬಸಪ್ಪ ಲಕ್ಕುಂಡಿ ಎಂಬ ರೈತ ಸತ್ತಿದ್ದರು. ಅಪ್ಪನೂ ಆ ದಿನ ನವಲಗುಂದಕ್ಕೆ ಹೋಗುವವನಿದ್ದ ಎಂಬುದು ನನಗೆ ಗೊತ್ತಿತ್ತು. ಬಸ್ಸಿಲ್ಲ, ಫೋನು ಮಾಡಲು ಮನೆಯಲ್ಲಿ ಫೋನಿಲ್ಲ. ನಾನು ಗುರುಗಳ ಕ್ವಾರ್ಟರ್ಸಿಗೆ ಹೋದೆ. ಅಮ್ಮಾವರು ಊಟಕ್ಕೆ ಹಾಕಿದರು, ಇಳಿಯಲಿಲ್ಲ. ಗುರುಗಳು ಬಹಳ ಹೊತ್ತು ಸುಮ್ಮನೆ ಕೂತು, “ತಳಿ ಮಾಡೂದು ನಮಗ ಬರತೈತಿ ತಮ್ಮಾ. ಧಾರಣಿ ಮಾಡೂದು ನಮ್ಮ ಕೈಯಾಗಿಲ್ಲ. ಅದನ್ನ ನಾವು ನಿಮಗ ಕ್ಲಾಸಿನಾಗ ಗಟ್ಟಿಯಾಗಿ ಹೇಳಲಿಲ್ಲ” ಅಂದರು. ಮೂರು ದಿನದ ಮೇಲೆ ಊರು ಮುಟ್ಟಿದೆ. ಅಪ್ಪ ಆ ದಿನ ಹೋಗಿರಲಿಲ್ಲ, ಎತ್ತಿಗೆ ಕಾಲು ಉಳುಕಿತ್ತಂತೆ.

ಗುಂಡೂರಾವ್ ಸರಕಾರ ಅಲುಗಿದ್ದು, ರೈತ ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಪ್ರತಿ ಜುಲೈ 21ಕ್ಕೆ ನವಲಗುಂದದ ವೀರಗಲ್ಲಿಗೆ ಈಗಲೂ ಹಾರ ಬೀಳುತ್ತದೆ. ನಾನು ಮುಂದೆ ಕೃಷಿ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ದುಡಿದೆ. ಯಾವ ಹೊಸ ತಳಿಯ ಚೀಲ ಕೈಗೆ ಬಂದರೂ ರೈತನಿಗೆ ಕೊಡುವ ಮುನ್ನ ಮೊದಲು ಆಡುತ್ತಿದ್ದ ಮಾತು ಇಳುವರಿಯದಲ್ಲ, ಬೆಳೆದದ್ದನ್ನು ಕೊಳ್ಳುವವರು ಯಾರು ಎಂಬುದು. ಮೇಲಿನವರಿಗೆ ಇದು ಹಿಡಿಸುತ್ತಿರಲಿಲ್ಲ. ನಿಶ್ಚಿಂತೆಯಿಂದ ಕೊಟ್ಟದ್ದು ಒಂದೇ ಬೀಜ, ಅಣ್ಣಿಗೇರಿ-1 ಕಡಲೆ. ನಮ್ಮ ನೆರೆಯ ಅಣ್ಣಿಗೇರಿಯ ಸ್ಥಳೀಯ ಕಡಲೆಯಿಂದಲೇ ಆರಿಸಿದ ತಳಿ. ನೀರು ಬೇಡದ, ಮನೆಯಲ್ಲೇ ಬೀಜ ಎತ್ತಿಡಬಹುದಾದ, ಧಾರಣೆ ಬಿದ್ದರೆ ಮನೆಯಲ್ಲೇ ಬೇಯಿಸಿ ತಿನ್ನಬಹುದಾದ ಬೆಳೆ. ಹೈದರಾಬಾದಿನ ಇಕ್ರಿಸ್ಯಾಟಿನ ವಿಜ್ಞಾನಿಗಳ ಬಾಯಲ್ಲೂ ಅದು ‘ಅಣ್ಣಿಗೇರಿ’ಯೇ.

ಈಗ ಕೃಷಿ ಪದವಿಯ ಕೊನೆಯ ವರ್ಷದ ಮಕ್ಕಳು ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇರುತ್ತಾರೆ. ನಿವೃತ್ತನಾಗಿ ಮೊರಬಕ್ಕೆ ಬಂದ ಮೇಲೆ ಅಂಥದೊಂದು ತಂಡ ನಮ್ಮ ಓಣಿಯಲ್ಲೂ ಇತ್ತು. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು, ಈ ತಂಡದಲ್ಲಿ ಅವರೇ ಹೆಚ್ಚು. ಗುಡಿಯ ಮುಂದೆ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸಿದರು, ಹಳ್ಳಕ್ಕೆ ನೀಲಿ, ಹೊಲಕ್ಕೆ ಹಸಿರು. ಎರಿ ಹೊಲಕ್ಕೆ ಕರಿ ಬಣ್ಣ ಯಾಕಿಲ್ಲ ಎಂದು ನಮ್ಮ ಮುದುಕರು ತಕರಾರು ತೆಗೆದರು. ಇದ್ದಿಲು ಕುಟ್ಟಿ ತುಂಬಿದ ಮೇಲೆ ಸಮಾಧಾನ. ಬೀಳ್ಕೊಡುಗೆಯ ದಿನ ಒಬ್ಬೊಬ್ಬರೂ ತಮ್ಮ ಗುರುಗಳ ಹೆಸರು ಹೇಳಿ ಕಣ್ಣೀರು ಹಾಕಿದರು. ಮಂಡ್ಯದ ಕಡೆಯ ಹುಡುಗಿಯೊಬ್ಬಳು, ರೈತರ ಮಕ್ಕಳ ಕೋಟಾದಲ್ಲಿ ಸೀಟು ಪಡೆದವಳು, ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಸಲಕರಣೆ ಎಲ್ಲ ಗುರುತು ಹಿಡಿದಿದ್ದೆ ಎಂದಳು. ಕೂರಿಗಿ ನೋಡಿದ್ದೀಯಾ ಎಂದೆ. “ಚಿತ್ರದಲ್ಲಿ ನೋಡಿದ್ದೀನಿ ತಾತ” ಅಂದಳು.

ಅಟ್ಟದಿಂದ ಇಳಿಸಿದೆ. ಒಂದು ತಾಳನ್ನು ಹುಳ ತಿಂದಿತ್ತು, ಬಿದಿರಿನ ನಳಿಗೆಗಳು ಎಂದೋ ಹೋಗಿದ್ದವು. ಆಕೆ ತಾನಾಗಿಯೇ ಬ್ಯಾಗಿನಿಂದ ಟೇಪು ತೆಗೆದು ಉಳಿದ ಎರಡು ತಾಳಿನ ನಡುವೆ ಹಿಡಿದು, ಹದಿನೇಳೂವರೆ ಎಂದು ಡೈರಿಯಲ್ಲಿ ಬರೆದುಕೊಂಡಳು. ನಾನು ಹೇಳಿಕೊಟ್ಟಿರಲಿಲ್ಲ. ಯಾರೋ ಮೇಷ್ಟ್ರು ಅವಳಿಗೂ ಕಲಿಸಿರಬೇಕು.

ಟ್ರ್ಯಾಕ್ಟರಿನ ಕೂರಿಗಿಗೆ ಬೋಲ್ಟು ಸಡಿಲಿಸಿದರೆ ಬೇಕಾದ ಅಂತರ ಬರುತ್ತದೆ. ಮರದ ಕೂರಿಗಿಯಲ್ಲಿ ಹಾಗಲ್ಲ, ಅದು ಊರಿಗೊಂದು, ಬೆಳೆಗೊಂದು, ಬಡಿಗ್ಯಾರಗೊಂದು. ನಮ್ಮ ಜಿಲ್ಲೆಯಲ್ಲಿ ಅವು ಈಗ ವರ್ಷಕ್ಕೊಂದಿಷ್ಟು ಒಲೆ ಸೇರುತ್ತಿವೆ. ನಿಮ್ಮ ಅಟ್ಟದ ಮೇಲೆ ಇದ್ದರೆ, ಒಡೆಯುವ ಮುಂಚೆ ಒಂದು ದಾರ ಹಿಡಿದು ಗಂಟು ಹಾಕಿ ಇಟ್ಟುಕೊಳ್ಳಿ. ಯಾವ ಊರಿನದು, ಯಾವ ಬೆಳೆಯದು ಎಂದು ಒಂದು ಚೀಟಿಯ ಮೇಲೆ ಬರೆದು ಕಟ್ಟಿ.