ಟೂರಿಂಗ್ ಕಾರು ಎಂದರೆ ಯಾವ ಕಾರು? – ಡಿಟಿಎಂ ಪಂದ್ಯದ ನಾಲ್ಕು ದಶಕಗಳು

ರಸ್ತೆಯಲ್ಲಿ ದಿನನಿತ್ಯ ಓಡಾಡುವ ಕಾರುಗಳನ್ನೇ ಪಂದ್ಯದ ಪಥಕ್ಕೆ ಇಳಿಸಿದರೆ ಯಾವುದು ಮುಂದೆ ಬಂದೀತು? ಈ ಸರಳ ಕುತೂಹಲದಿಂದ ಹುಟ್ಟಿದ್ದು ಟೂರಿಂಗ್ ಕಾರು ಪಂದ್ಯ. ಫಾರ್ಮುಲಾ ಒನ್ ಕಾರಿಗೆ ಒಂದೇ ಆಸನ, ತೆರೆದ ಚಕ್ರಗಳು; ಅದಕ್ಕೂ ಮನೆಯ ಮುಂದೆ ನಿಂತ ಕಾರಿಗೂ ಹೋಲಿಕೆಯೇ ಇಲ್ಲ. ಟೂರಿಂಗ್ ಕಾರು ಹಾಗಲ್ಲ. ಮೇಲ್ಛಾವಣಿ ಇರುವ, ನಾಲ್ಕು ಜನ ಕೂರಬಲ್ಲ, ಮಾರಾಟ ಮಳಿಗೆಯಲ್ಲಿ ಸಿಗುವ ಕಾರೇ ಅದರ ಮೂಲ. ‘ನಮ್ಮ ಮನೆಯ ಕಾರು ಗೆದ್ದಿತು’ ಎಂಬ ಅಭಿಮಾನ ಇಲ್ಲಿನ ಪ್ರೇಕ್ಷಕರನ್ನು ಹಿಡಿದಿಡುತ್ತದೆ.

ಇಂಥ ಪಂದ್ಯಾವಳಿಗಳ ಪೈಕಿ ಜರ್ಮನಿಯ ಡಿಟಿಎಂ ಬಹು ಪ್ರಸಿದ್ಧ. ಇದು ಒಮ್ಮೆ ನಿಂತುಹೋಗಿ ಮತ್ತೆ ಹುಟ್ಟಿತು. ಇನ್ನೊಮ್ಮೆ ನಿಲ್ಲುವ ಅಂಚಿಗೆ ಬಂದು ರೂಪ ಬದಲಿಸಿತು. ಪ್ರತಿ ಬಾರಿಯೂ ಅಭಿಮಾನಿಗಳಲ್ಲಿ ಅದೇ ವಾದ: ಈ ಪಂದ್ಯದ ಮುಂದಿನ ದಾರಿ ಯಾವುದು? ಮೇಲ್ನೋಟಕ್ಕೆ ಇದು ಅಭಿಮಾನದ ಜಗಳ. ಒಳಹೊಕ್ಕು ನೋಡಿದರೆ ಅಲ್ಲಿರುವುದು ತಂತ್ರಜ್ಞಾನದ ಪ್ರಶ್ನೆ. ಎಂಜಿನಿಯರಿಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕು? ಅದಕ್ಕೆ ಎಲ್ಲಿ ಗೆರೆ ಎಳೆಯಬೇಕು?

ಜೋಲ್ಡರ್‌ನಲ್ಲಿ ಆರಂಭ

ಜರ್ಮನಿಯ ಈ ಪಂದ್ಯಾವಳಿಯ ಮೊದಲ ಓಟ ನಡೆದದ್ದು ಜರ್ಮನಿಯಲ್ಲಲ್ಲ, ಪಕ್ಕದ ಬೆಲ್ಜಿಯಂನ ಜೋಲ್ಡರ್‌ನಲ್ಲಿ, 1984ರ ಮಾರ್ಚ್‌ನಲ್ಲಿ! ಆ ವರ್ಷದ ಚಾಂಪಿಯನ್ ಬಿಎಂಡಬ್ಲ್ಯು ಓಡಿಸಿದ ಫೋಲ್ಕರ್ ಸ್ಟ್ರೈಚೆಕ್. ಸ್ವಾರಸ್ಯವೆಂದರೆ ಆತ ವರ್ಷವಿಡೀ ಒಂದು ಓಟವನ್ನೂ ಗೆಲ್ಲಲಿಲ್ಲ. ಪ್ರತಿ ಬಾರಿಯೂ ತಪ್ಪದೆ ಅಂಕ ಗಳಿಸುತ್ತ ಹೋಗಿ ಪ್ರಶಸ್ತಿ ಪಡೆದ. 1985ರಲ್ಲಿ ವೋಲ್ವೊ 240 ಟರ್ಬೊ, 1986ರಲ್ಲಿ ರೋವರ್, 1987ರಲ್ಲಿ ಬಿಎಂಡಬ್ಲ್ಯು ಎಂ3, 1988ರಲ್ಲಿ ಫೋರ್ಡ್ ಸಿಯೆರಾ – ಹೀಗೆ ಪ್ರತಿವರ್ಷ ಬೇರೆ ಬೇರೆ ಕಾರುಗಳು ಗೆದ್ದವು.

ಆಗ ಅನುಸರಿಸುತ್ತಿದ್ದುದು ‘ಗ್ರೂಪ್ ಎ’ ಎಂಬ ಅಂತರರಾಷ್ಟ್ರೀಯ ನಿಯಮಾವಳಿ. ಅದರ ಪ್ರಕಾರ ಒಂದು ಮಾದರಿ ಪಂದ್ಯಕ್ಕೆ ಅರ್ಹವಾಗಬೇಕಾದರೆ ಹನ್ನೆರಡು ತಿಂಗಳೊಳಗೆ ಅಂಥ 5,000 ಕಾರುಗಳು ತಯಾರಾಗಿರಬೇಕು. ಸುಧಾರಿತ ಆವೃತ್ತಿಯಾದರೆ ಇನ್ನೂ 500. ಈ ನಿಯಮದ ಪರಿಣಾಮ ಗಮನಾರ್ಹ. ಪಂದ್ಯಕ್ಕಾಗಿ ದೊಡ್ಡ ರೆಕ್ಕೆ ಬೇಕೆಂದರೆ ಅದನ್ನು ರಸ್ತೆಯ ಕಾರಿಗೂ ಜೋಡಿಸಿ ಮಾರಬೇಕಾಯಿತು. 1990ರ ಮರ್ಸಿಡಿಸ್ 190ಇ ಎವಲ್ಯೂಷನ್-2 ಕಾರಿನ ಹಿಂಬದಿಯಲ್ಲಿ ಆಳೆತ್ತರಕ್ಕೆ ಎದ್ದಂತೆ ಕಾಣುವ ರೆಕ್ಕೆ ಇದ್ದುದು ಇದೇ ಕಾರಣಕ್ಕೆ. ಅಂಥ 502 ಕಾರುಗಳು ತಯಾರಾದವು. ಪಂದ್ಯದ ಕಾರಿಗೂ ರಸ್ತೆಯ ಕಾರಿಗೂ ನಡುವೆ ನಿಜವಾದ ನಂಟು ಇತ್ತು. ಹಳೆಯ ಅಭಿಮಾನಿಗಳು ‘ಡಿಟಿಎಂ ಅಂದರೆ ಅದು’ ಎಂದು ಇಂದಿಗೂ ನೆನೆಯುವುದು ಈ ಕಾಲವನ್ನೇ.

ಒಂದು ಕ್ರ್ಯಾಂಕ್ ದಂಡದ ಕಥೆ

1990ರಲ್ಲಿ ಆಡಿ ಸಂಸ್ಥೆ ತನ್ನ ಭಾರೀ ವಿ-8 ಕಾರಿನೊಂದಿಗೆ ಪಂದ್ಯಕ್ಕೆ ಇಳಿಯಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಈ ಕಾರು 1990 ಮತ್ತು 1991ರಲ್ಲಿ ಪ್ರಶಸ್ತಿ ಗಳಿಸಿತು. 1992ರಲ್ಲಿ ಆಡಿಯ ಎಂಜಿನಿನೊಳಗಿನ ಒಂದು ಭಾಗದ ಮೇಲೆ ತಕರಾರು ಎದ್ದಿತು. ಅದೇ ಕ್ರ್ಯಾಂಕ್ ದಂಡ.

ಸಿಲಿಂಡರುಗಳಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್‌ಗಳ ಚಲನೆಯನ್ನು ತಿರುಗುವ ಚಲನೆಯಾಗಿ ಬದಲಿಸುವುದು ಕ್ರ್ಯಾಂಕ್ ದಂಡದ ಕೆಲಸ. ಸಾಮಾನ್ಯ ವಿ-8 ಎಂಜಿನಿನಲ್ಲಿ ಅದರ ತೋಳುಗಳು ಒಂದಕ್ಕೊಂದು 90 ಡಿಗ್ರಿ ಕೋನದಲ್ಲಿರುತ್ತವೆ. ತುದಿಯಿಂದ ನೋಡಿದರೆ ಕೂಡುವ ಚಿಹ್ನೆಯಂತೆ ಕಾಣುತ್ತದೆ. ಎಂಜಿನ್ ನಯವಾಗಿ, ಕಡಿಮೆ ಕಂಪನದೊಂದಿಗೆ ತಿರುಗುತ್ತದೆ. ಆದರೆ ಒಂದೊಂದು ಸಾಲಿನ ನಾಲ್ಕು ಸಿಲಿಂಡರುಗಳ ದಹನ ಸಮಾನ ಅಂತರದಲ್ಲಿ ನಡೆಯುವುದಿಲ್ಲ. ಹೊರಬರುವ ಹೊಗೆ ಒಂದರ ದಾರಿಗೆ ಒಂದು ಅಡ್ಡವಾಗುತ್ತದೆ. ತೋಳುಗಳನ್ನು 180 ಡಿಗ್ರಿಗೆ, ಅಂದರೆ ಒಂದೇ ಸಮತಲಕ್ಕೆ ತಂದರೆ ದಹನದ ಸರದಿ ಎಡ-ಬಲ ಸಾಲುಗಳ ನಡುವೆ ಸಮನಾಗಿ ಹಂಚಿಕೆಯಾಗುತ್ತದೆ. ಒಂದೇ ಬಾಗಿಲಿನಿಂದ ಜನ ಸಮಾನ ಅಂತರದಲ್ಲಿ ಹೊರಬಂದರೆ ನೂಕುನುಗ್ಗಲು ಇರುವುದಿಲ್ಲ ಅಲ್ಲವೆ? ಹಾಗೆಯೇ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ, ಹೆಚ್ಚು ವೇಗದಲ್ಲಿ ತಿರುಗಬಲ್ಲದು. ಕಂಪನ ಹೆಚ್ಚುತ್ತದೆ, ನಿಜ. ಪಂದ್ಯದಲ್ಲಿ ಅದನ್ನು ಲೆಕ್ಕಿಸುವವರು ಯಾರು!

ನಿಯಮದಂತೆ ರಸ್ತೆಯ ಕಾರಿನ ಕ್ರ್ಯಾಂಕ್ ದಂಡವನ್ನು ಮಾರ್ಪಡಿಸಬಹುದಿತ್ತು. ಮೂಲ ದಂಡವನ್ನೇ ಬಾಗಿಸಿ 180 ಡಿಗ್ರಿಗೆ ತಂದಿದ್ದೇವೆ ಎಂಬುದು ಆಡಿಯ ವಾದ. ಇದು ಮಾರ್ಪಾಡಲ್ಲ, ಬೇರೆಯೇ ಭಾಗ ಎಂಬುದು ಎದುರಾಳಿಗಳ ವಾದ. ತೀರ್ಪು ಆಡಿಗೆ ವಿರುದ್ಧವಾಯಿತು. ಸಂಸ್ಥೆ ವರ್ಷದ ನಡುವೆಯೇ ಪಂದ್ಯದಿಂದ ಹೊರನಡೆಯಿತು. ‘ಎಷ್ಟು ಬದಲಿಸಿದರೆ ಅದು ಅದೇ ಕಾರಾಗಿ ಉಳಿಯುತ್ತದೆ?’ ಎಂಬ ಪ್ರಶ್ನೆ ಮೊದಲ ಬಾರಿಗೆ ಇಷ್ಟು ಸ್ಪಷ್ಟವಾಗಿ ಎದ್ದು ನಿಂತದ್ದು ಆಗ.

ತಂತ್ರ ಗೆದ್ದಿತು, ಪಂದ್ಯ ಸೋತಿತು

1993ರಲ್ಲಿ ಹೊಸ ನಿಯಮ ಬಂದಿತು. ಎಂಜಿನಿನ ಗಾತ್ರ 2.5 ಲೀಟರ್, ಸಿಲಿಂಡರುಗಳು ಹೆಚ್ಚೆಂದರೆ ಆರು. ಉಳಿದಂತೆ ಧಾರಾಳ ಸ್ವಾತಂತ್ರ್ಯ. ಇಟಲಿಯ ಆಲ್ಫಾ ರೋಮಿಯೊ 155 ಮೊದಲ ವರ್ಷವೇ ನಿಕೋಲಾ ಲಾರಿನಿಯ ಕೈಯಲ್ಲಿ ಜರ್ಮನ್ನರನ್ನು ಅವರ ನೆಲದಲ್ಲೇ ಸೋಲಿಸಿತು. ಚಕ್ರ ಜಾರದಂತೆ ತಡೆಯುವ ಎಬಿಎಸ್ ಬ್ರೇಕು, ವಿದ್ಯುನ್ಮಾನ ನಿಯಂತ್ರಣ, ನಾಲ್ಕು ಚಕ್ರ ಚಾಲನೆ, ದ್ರವದ ಒತ್ತಡದಿಂದ ಗೇರು ಬದಲಿಸುವ ವ್ಯವಸ್ಥೆ – ಒಂದೊಂದಾಗಿ ಸೇರಿಕೊಂಡವು. ಅಂದಿನ ಫಾರ್ಮುಲಾ ಒನ್‌ನಲ್ಲಿ ನಿಷಿದ್ಧವಾಗಿದ್ದ ಕೆಲವು ತಂತ್ರಗಳೂ ಇಲ್ಲಿ ಸಲ್ಲುತ್ತಿದ್ದವು.

ನೋಡಲು ಅದ್ಭುತ, ಆದರೆ ವೆಚ್ಚ ಗಗನಕ್ಕೇರಿತು. 1996ರಲ್ಲಿ ಪಂದ್ಯಾವಳಿ ಅಂತರರಾಷ್ಟ್ರೀಯ ರೂಪ ತಳೆದು ಬ್ರೆಜಿಲ್‌ನ ಇಂಟರ್‌ಲಾಗೋಸ್, ಜಪಾನಿನ ಸುಜುಕಾಗಳಿಗೂ ಪ್ರಯಾಣ ಮಾಡಿತು. ಆ ವರ್ಷ ಓಪೆಲ್ ಕ್ಯಾಲಿಬ್ರಾ ಓಡಿಸಿದ ಮಾನ್ಯುಯೆಲ್ ರಾಯ್ಟರ್ ಚಾಂಪಿಯನ್. ಗೆದ್ದ ಓಪೆಲ್ ಮತ್ತು ಆಲ್ಫಾ ಎರಡೂ ವರ್ಷಾಂತ್ಯಕ್ಕೆ ಹಿಂದೆ ಸರಿದವು. ಉಳಿದದ್ದು ಮರ್ಸಿಡಿಸ್ ಒಂದೇ. ಒಬ್ಬರೇ ಪಂದ್ಯ ಆಡುವುದುಂಟೆ? ಡಿಟಿಎಂ ನಿಂತುಹೋಯಿತು.

ಹೊರಗೆ ಒಂದು, ಒಳಗೆ ಇನ್ನೊಂದು

2000ದಲ್ಲಿ ಪಂದ್ಯಾವಳಿ ಮರುಹುಟ್ಟು ಪಡೆಯಿತು. ಹಿಂದಿನ ಪಾಠ ನೆನಪಿತ್ತು. ಎಲ್ಲ ಕಾರುಗಳಿಗೂ 4 ಲೀಟರಿನ ವಿ-8 ಎಂಜಿನ್, ಹಿಂಚಕ್ರ ಚಾಲನೆ, ಹಲವು ಸಮಾನ ಭಾಗಗಳು. ಎಬಿಎಸ್, ಜಾರು ನಿಯಂತ್ರಣಗಳಿಗೆ ನಿಷೇಧ. ವೆಚ್ಚ ಹಿಡಿತಕ್ಕೆ ಬಂದಿತು. ಆದರೆ ಹೊರಗಿನ ಆಕಾರ ಮಾತ್ರ ಮಳಿಗೆಯ ಕಾರಿನದು. ಒಳಗಿನದೆಲ್ಲ ಪಂದ್ಯಕ್ಕೆಂದೇ ಕಟ್ಟಿದ ಯಂತ್ರ. 2012ರಲ್ಲಿ ಬಿಎಂಡಬ್ಲ್ಯು ಮರಳಿ ಬಂದಾಗ ಚಾಲಕನನ್ನು ರಕ್ಷಿಸುವ ಕಾರ್ಬನ್ ನಾರಿನ ಗೂಡು ಕೂಡ ಎಲ್ಲರಿಗೂ ಒಂದೇ ಆಯಿತು.

ಇನ್ನೊಂದು ತೊಡಕು ವಾಯುವಿನದು. ಕಾರಿನ ರೆಕ್ಕೆಗಳು ಗಾಳಿಯನ್ನು ಮೇಲಕ್ಕೆ ತಿರುಗಿಸಿ ಕಾರನ್ನು ನೆಲಕ್ಕೆ ಒತ್ತುತ್ತವೆ. ಈ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ವೇಗ ಎರಡರಷ್ಟಾದರೆ ಒತ್ತುಬಲ ನಾಲ್ಕರಷ್ಟು. ತಿರುವಿನಲ್ಲಿ ಇದು ವರ. ಆದರೆ ಮುಂದಿನ ಕಾರು ಕಲಕಿಬಿಟ್ಟ ಗಾಳಿಯಲ್ಲಿ ಹಿಂದಿನ ಕಾರಿನ ರೆಕ್ಕೆ ಸರಿಯಾಗಿ ಕೆಲಸ ಮಾಡದು. ಹತ್ತಿರ ಹೋದಷ್ಟೂ ಹಿಡಿತ ತಪ್ಪುತ್ತದೆ. ಹಿಂದಿಕ್ಕುವುದೇ ಕಷ್ಟವಾದರೆ ಪಂದ್ಯ ಮೆರವಣಿಗೆಯಾಗುತ್ತದೆ! ಅದಕ್ಕಾಗಿ 2013ರಲ್ಲಿ, ಬೆನ್ನಟ್ಟುವ ಕಾರು ತನ್ನ ಹಿಂಬದಿಯ ರೆಕ್ಕೆಯನ್ನು ಮಲಗಿಸಿ ಗಾಳಿಯ ತಡೆ ತಗ್ಗಿಸಿಕೊಳ್ಳುವ ಏರ್ಪಾಡು ತರಬೇಕಾಯಿತು.

ಮೂರು ಕಾಲಿನ ಪೀಠ

2018ರಲ್ಲಿ ಆಡಿ, ಬಿಎಂಡಬ್ಲ್ಯು, ಮರ್ಸಿಡಿಸ್ ತಲಾ 6 ಕಾರುಗಳನ್ನು ಇಳಿಸಿದ್ದವು; ಒಟ್ಟು 18. ಈ ಲೆಕ್ಕದಲ್ಲೇ ಅಪಾಯ ಅಡಗಿತ್ತು. ಒಬ್ಬರು ಎದ್ದುಹೋದರೆ ಮೂರನೇ ಒಂದು ಭಾಗ ಖಾಲಿ. ಆ ವರ್ಷದ ಕೊನೆಗೆ ಮರ್ಸಿಡಿಸ್ ವಿದ್ಯುತ್ ಕಾರುಗಳ ಫಾರ್ಮುಲಾ ಇ ಕಡೆಗೆ ಹೊರಟಿತು. 2019ರಲ್ಲಿ 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್ ಬಂದಿತು. ಗಾತ್ರ ಅರ್ಧವಾದರೂ ಶಕ್ತಿ 600 ಅಶ್ವಶಕ್ತಿಯನ್ನು ದಾಟಿತು. ತುಂಬಿದ ಜಾಗವನ್ನು ಆಸ್ಟನ್ ಮಾರ್ಟಿನ್ ಕಾರುಗಳು ಒಂದೇ ವರ್ಷಕ್ಕೆ ಬಿಟ್ಟುಕೊಟ್ಟವು. 2019ರ ನವೆಂಬರ್‌ನಲ್ಲಿ ಜಪಾನಿನ ಫ್ಯೂಜಿಯಲ್ಲಿ ಅಲ್ಲಿನ ಸೂಪರ್ ಜಿಟಿ ಕಾರುಗಳೊಂದಿಗೆ ಜಂಟಿ ಓಟ ನಡೆದಾಗ, ಎರಡು ದೇಶಗಳಿಗೂ ಒಂದೇ ನಿಯಮಾವಳಿ ಎಂಬ ಕನಸು ಕೈಗೆಟುಕಿದಂತಿತ್ತು. ಐದೇ ತಿಂಗಳು, 2020ರ ಏಪ್ರಿಲ್‌ನಲ್ಲಿ ಆಡಿ ತಾನೂ ಹೊರಡುವುದಾಗಿ ಪ್ರಕಟಿಸಿತು.

ಎಲ್ಲ ಕಾರುಗಳೂ ತಯಾರಕರದ್ದೇ ಆದರೆ ಪಂದ್ಯದ ಆಯಸ್ಸು ಅವರ ಮಾರಾಟ ನೀತಿಗೆ ಗಂಟುಬೀಳುತ್ತದೆ. 1996 ಮತ್ತು 2020ರ ಬಿಕ್ಕಟ್ಟುಗಳು ಇದನ್ನೇ ಹೇಳುತ್ತವೆ.

ತಕ್ಕಡಿಯ ನಿಯಮ

ಆಗ ಸಂಘಟಕ ಸಂಸ್ಥೆ ಐಟಿಆರ್‌ನ ಮುಖ್ಯಸ್ಥನಾಗಿದ್ದವನು ಮಾಜಿ ಫಾರ್ಮುಲಾ ಒನ್ ಚಾಲಕ ಗೆರ್ಹಾರ್ಟ್ ಬರ್ಗರ್. 2021ರಿಂದ ‘ಜಿಟಿ3’ ಕಾರುಗಳನ್ನು ಬಳಸಲು ನಿರ್ಧಾರವಾಯಿತು. ಇವು ಖಾಸಗಿ ತಂಡಗಳು ತಯಾರಕರಿಂದ ಕೊಳ್ಳಬಹುದಾದ ಪಂದ್ಯದ ಕಾರುಗಳು. ಹಲವು ದೇಶಗಳಲ್ಲಿ ಬಳಕೆಯಲ್ಲಿವೆ. ಆದರೆ ಒಂದರ ಎಂಜಿನ್ ಮುಂದೆ, ಇನ್ನೊಂದರದು ಹಿಂದೆ. ಒಂದಕ್ಕೆ ಟರ್ಬೊ, ಇನ್ನೊಂದಕ್ಕೆ ಇಲ್ಲ. ಇವನ್ನು ಸರಿಸಮ ಮಾಡುವುದು ಹೇಗೆ?

ಅದಕ್ಕೆ ‘ಸಾಮರ್ಥ್ಯ ಸಮತೋಲನ’ ಎಂಬ ಕ್ರಮವಿದೆ. ವೇಗದ ಕಾರಿಗೆ ತೂಕ ಸೇರಿಸುತ್ತಾರೆ, ಅಥವಾ ಎಂಜಿನಿಗೆ ಹೋಗುವ ಗಾಳಿಯನ್ನು ತಗ್ಗಿಸುತ್ತಾರೆ. ಎರಡಕ್ಕೂ ಶಾಲೆಯ ಭೌತವಿಜ್ಞಾನವೇ ಆಧಾರ. ನ್ಯೂಟನ್ನನ ಎರಡನೆಯ ನಿಯಮದಂತೆ, ಬಲ ಒಂದೇ ಇದ್ದಾಗ ರಾಶಿ ಹೆಚ್ಚಿದರೆ ವೇಗೋತ್ಕರ್ಷ ಕಡಿಮೆಯಾಗುತ್ತದೆ. ಉದಾಹರಣೆಗೆ, 1,300 ಕಿಲೋಗ್ರಾಂ ರಾಶಿಯ ಕಾರಿಗೆ 26 ಕಿಲೋಗ್ರಾಂ ಸೇರಿಸಿದರೆ ವೇಗೋತ್ಕರ್ಷ ಸುಮಾರು ಶೇಕಡಾ 2ರಷ್ಟು ಇಳಿಯುತ್ತದೆ. ಬ್ರೇಕು ಹೀರಬೇಕಾದ ಚಲನಶಕ್ತಿ ಶೇಕಡಾ 2ರಷ್ಟು ಏರುತ್ತದೆ. ಇನ್ನು ಗಾಳಿ ಹೋಗುವ ಕೊಳವೆಗೆ ಕಿರಿದಾದ ಕೊರಳು ಹಾಕಿದರೆ, ಅಲ್ಲಿ ಗಾಳಿಯ ವೇಗ ಶಬ್ದದ ವೇಗಕ್ಕೆ ಮುಟ್ಟಿದ ಮೇಲೆ ಎಂಜಿನ್ ಎಷ್ಟೇ ಹೀರಿದರೂ ಹೆಚ್ಚು ಗಾಳಿ ಒಳಬರದು. ಗಾಳಿ ಇಷ್ಟೇ ಎಂದರೆ ಉರಿಯಬಲ್ಲ ಇಂಧನವೂ ಇಷ್ಟೇ. ಶಕ್ತಿಗೂ ಮಿತಿ ಬಿತ್ತು.

ಪರಿಣಾಮ? 2021ರಲ್ಲಿ ಮರ್ಸಿಡಿಸ್, 2022ರಲ್ಲಿ ಬಿಎಂಡಬ್ಲ್ಯು, 2023ರಲ್ಲಿ ಪೋರ್ಷೆ, 2024ರಲ್ಲಿ ಲ್ಯಾಂಬೊರ್ಗಿನಿ. ನಾಲ್ಕು ವರ್ಷ, ನಾಲ್ಕು ತಯಾರಕರ ಕಾರುಗಳಲ್ಲಿ ಚಾಂಪಿಯನ್ನರು. ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಡಿಟಿಎಂಗೆ ಕಾಲಿಟ್ಟ ಮೊದಲ ಭಾರತೀಯನಾದದ್ದೂ ಇಂಥದೊಂದು ಖಾಸಗಿ ತಂಡದ ಮರ್ಸಿಡಿಸ್ ಕಾರಿನಲ್ಲೇ.

ಅಭಿಮಾನಿಗಳ ಮೂರು ಪಕ್ಷ

ಆದರೂ ವಾದ ಮುಗಿದಿಲ್ಲ. ಮೊದಲ ಪಕ್ಷ ಹೆಸರನ್ನೇ ಹಿಡಿದು ಕೇಳುತ್ತದೆ: ಡಿಟಿಎಂನಲ್ಲಿರುವ ‘ಟಿ’ ಅಕ್ಷರ ಟೂರಿಂಗ್ ಕಾರಿನದು. ಫೆರಾರಿ, ಲ್ಯಾಂಬೊರ್ಗಿನಿ ಯಾವ ಮನೆಯ ಟೂರಿಂಗ್ ಕಾರು? ಎರಡನೆಯ ಪಕ್ಷದ್ದು ಎಂಜಿನಿಯರನ ಅಳಲು. ಚೆನ್ನಾಗಿ ಮಾಡಿದವನಿಗೆ ತೂಕ ಹೇರುವುದಾದರೆ ಚೆನ್ನಾಗಿ ಮಾಡುವುದೇಕೆ? ಗೆದ್ದದ್ದು ಕಾರೋ, ನಿಯಮದ ಕೋಷ್ಟಕವೋ? ಮೂರನೆಯ ಪಕ್ಷದ ಉತ್ತರ ಚಿಕ್ಕದು: ಪಂದ್ಯ ಇದ್ದರೆ ತಾನೆ ಈ ಜಗಳ!

2021ರ ಕೊನೆಯ ಓಟ ಈ ವಾದಕ್ಕೆ ತುಪ್ಪ ಸುರಿಯಿತು. ನ್ಯೂರೆಂಬರ್ಗ್‌ನ ನೋರಿಸ್‌ರಿಂಗ್‌ನಲ್ಲಿ, ಅಂಕಗಳಲ್ಲಿ ಮುಂದಿದ್ದ ಲಿಯಂ ಲಾಸನ್ ಮೊದಲ ತಿರುವಿನಲ್ಲೇ ಡಿಕ್ಕಿಗೆ ಸಿಕ್ಕಿದ. ಕೊನೆಯಲ್ಲಿ ಮುಂದೆ ಓಡುತ್ತಿದ್ದ ಮರ್ಸಿಡಿಸ್ ಚಾಲಕರು ಸೂಚನೆಯ ಮೇರೆಗೆ ಮಾಕ್ಸಿಮಿಲಿಯನ್ ಗೋಟ್ಸ್‌ಗೆ ದಾರಿ ಬಿಟ್ಟರು. 3 ಅಂಕಗಳ ಅಂತರದಲ್ಲಿ ಆತ ಚಾಂಪಿಯನ್. ಕಾರುಗಳನ್ನು ತೂಗಿ ಸರಿಸಮ ಮಾಡಬಹುದು. ಮನುಷ್ಯರ ನಿರ್ಧಾರವನ್ನು ತೂಗುವ ತಕ್ಕಡಿ ಎಲ್ಲಿದೆ?

ಬ್ರಿಟನ್ ಬೇರೆ ಉತ್ತರ ಹುಡುಕಿತು. 1958ರಲ್ಲಿ ಆರಂಭವಾದ ಅಲ್ಲಿನ ಪಂದ್ಯಾವಳಿ 2011ರಿಂದ, ಮಳಿಗೆಯ ಕಾರಿನ ಒಡಲನ್ನು ಉಳಿಸಿಕೊಂಡು, ಗೇರುಪೆಟ್ಟಿಗೆಯಂಥ ದುಬಾರಿ ಭಾಗಗಳನ್ನು ಎಲ್ಲರಿಗೂ ಒಂದೇ ಮಾಡಿತು. 2022ರಿಂದ 2024ರವರೆಗೆ ಹೈಬ್ರಿಡ್ ಎಂಜಿನ್ ಬಳಸಿದಾಗ, ಮುಂದಿರುವವರ ಮೇಲೆ ತೂಕ ಹೇರುವ ಬದಲು ಅವರ ವಿದ್ಯುತ್ ಬಲದ ಬಳಕೆಯನ್ನು ಕಡಿತಗೊಳಿಸಿತು. 2025ಕ್ಕೆ ಹೈಬ್ರಿಡ್ ವ್ಯವಸ್ಥೆಯನ್ನೇ ಕೈಬಿಟ್ಟಿತು. ಜರ್ಮನಿಯಲ್ಲೂ 2020ರಲ್ಲಿ ವಿದ್ಯುತ್ ಡಿಟಿಎಂ ಕಾರೊಂದು ಪ್ರದರ್ಶನಕ್ಕೆ ಓಡಿತು. ಪಂದ್ಯ ಮಾತ್ರ ನಡೆಯಲಿಲ್ಲ. 2022ರ ಕೊನೆಗೆ ಐಟಿಆರ್ ತನ್ನ ಕೆಲಸ ನಿಲ್ಲಿಸಿತು. ಜರ್ಮನಿಯ ದೊಡ್ಡ ವಾಹನ ಸಂಘ ಎಡಿಎಸಿ ಡಿಟಿಎಂ ಹೆಸರನ್ನು ಕೊಂಡು 2023ರಿಂದ ನಡೆಸತೊಡಗಿತು.

ತರಗತಿಯಲ್ಲಿ ಇದನ್ನು ಚರ್ಚೆಗೆ ತರಬಹುದು. ಮೇಜಿನ ಮೇಲೆ ಒಂದು ಪುಟ್ಟ ಗಾಡಿ. ದಾರ ಕಟ್ಟಿ, ಮೇಜಿನ ಅಂಚಿನ ರಾಟೆಯ ಮೇಲಿಂದ ಒಂದು ತೂಕದ ಬೊಟ್ಟು ಇಳಿಬಿಡಿ. ಗಾಡಿಗೆ ಒಂದೊಂದೇ ಬೊಟ್ಟು ಸೇರಿಸುತ್ತ, ಅದು ಮೇಜು ದಾಟುವ ಕಾಲವನ್ನು ಅಳೆಯಿರಿ. ಬಳಿಕ ಎರಡು ಭಿನ್ನ ಗಾಡಿಗಳು ಏಕಕಾಲಕ್ಕೆ ಗುರಿ ಮುಟ್ಟುವಂತೆ ತೂಕ ಹೊಂದಿಸಲು ಮಕ್ಕಳಿಗೆ ಹೇಳಿ. ಹೊಂದಿಸುವುದು ಕಷ್ಟವಲ್ಲ. ಆಮೇಲೆ ಕೇಳಿ: ಚೆನ್ನಾಗಿ ಎಣ್ಣೆ ಹಾಕಿ, ಚಕ್ರ ನಯಗೊಳಿಸಿ ತಂದವನ ಗಾಡಿಗೂ ಹೀಗೆ ತೂಕ ಸೇರಿಸುವುದು ನ್ಯಾಯವೆ? ತರಗತಿ ಎರಡು ಪಕ್ಷವಾಗುವುದು ಖಂಡಿತ. ಜರ್ಮನಿಯ ಅಭಿಮಾನಿಗಳು ನಾಲ್ಕು ದಶಕಗಳಿಂದ ಕೇಳುತ್ತಿರುವುದೂ ಇದೇ ಪ್ರಶ್ನೆ.