ತೋರಾ ಸುರುಳಿ ಮತ್ತು ಸಾಮಾಜಿ ದಿವೇಕರ್: ಮೈಸೂರು ಯುದ್ಧದ ಒಂದು ಮುಂಬಯಿ ನೆನಪು

ಮಡಿದ ಯೋಧನಿಗೆ ಕನ್ನಡ ನಾಡು ವೀರಗಲ್ಲು ನಿಲ್ಲಿಸಿತು. ಕಾಳಗ, ಅಪ್ಸರೆಯರ ಜೊತೆ ಸ್ವರ್ಗಾರೋಹಣ, ಶಿವಸಾನ್ನಿಧ್ಯ ಎಲ್ಲವನ್ನೂ ಕಲ್ಲಿನಲ್ಲಿ ಕಡೆಯಿತು. ಯೆಹೂದಿಗಳ ಆರಾಧನೆಯಲ್ಲಿ ಮೂರ್ತಿಗೆ ಜಾಗವಿಲ್ಲ. ಸತ್ತವರ ಸ್ಮರಣೆ ಅಲ್ಲಿ ಅಕ್ಷರದ ಪಾಲಿನದು. ಅದೂ ಧರ್ಮಗ್ರಂಥವಾದ ತೋರಾದ ಒಳಗಲ್ಲ. ಲಿಪಿಕಾರ ಚರ್ಮದ ಮೇಲೆ ಕೈಯಿಂದ ಬರೆಯುವ ಆ ಸುರುಳಿಗೆ ಸಂಪ್ರದಾಯದ ಎಣಿಕೆಯಂತೆ 3,04,805 ಅಕ್ಷರಗಳು. ಒಂದು ಹೆಚ್ಚಾದರೂ ಕಡಿಮೆಯಾದರೂ ತಿದ್ದುವ ತನಕ ಪಾರಾಯಣಕ್ಕೆ ಸಲ್ಲದು. ಹಾಗಾಗಿ ದಾನಿಯ ಹೆಸರು, ಗತಿಸಿದವರ ಹೆಸರು ಸುರುಳಿಯ ಪೆಟ್ಟಿಗೆ, ಅದರ ತುದಿಗೆ ಸಿಕ್ಕಿಸುವ ಬೆಳ್ಳಿಯ ರಿಮ್ಮೋನಿಮ್, ಪರದೆ, ತೂಗುದೀಪಗಳ ಮೇಲೆ ಬರುತ್ತದೆ.

ಮುಂಬಯಿಯ ಬೆನೆ ಇಸ್ರೇಲ್ ಎಂಬ ಯೆಹೂದಿ ಸಮುದಾಯದಲ್ಲಿ ಇಂಥ ಒಂದು ಸುರುಳಿಗಾಗಿ ಹೋಗಿ ತೀರಿಕೊಂಡ ಸೈನಿಕನಿದ್ದಾನೆ. ಹೆಸರು ಸಾಮಾಜಿ ಹಸಾಜಿ ದಿವೇಕರ್. ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್ ಎಂದೂ ಕರೆಯುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೇನೆಯಲ್ಲಿ ದೇಶೀ ಅಧಿಕಾರಿ. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ತೆಗೆಯುತ್ತ, ಶನಿವಾರ ಗಾಣ ನಿಲ್ಲಿಸಿ 'ಶನಿವಾರ ತೇಲಿ' ಎನಿಸಿಕೊಂಡಿದ್ದ ಈ ಸಮುದಾಯದವರು ಹದಿನೆಂಟನೆಯ ಶತಮಾನದಲ್ಲಿ ಮುಂಬಯಿಗೆ ಬಂದಾಗ ಸೇನೆಯೇ ಅವರಲ್ಲಿ ಹಲವರಿಗೆ ದಾರಿಯಾಯಿತು.

ಎರಡನೆಯ ಮೈಸೂರು ಯುದ್ಧದಲ್ಲಿ (1780–84) ದಿವೇಕರ್ ಟಿಪ್ಪುವಿನ ಸೆರೆಯಾಳಾದ. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್‌ನ ಮುಂಬಯಿ ಪಡೆ ಬಿದನೂರನ್ನು ಹಿಡಿದದ್ದು, ಕೆಲವೇ ತಿಂಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದದ್ದು ನಮಗೆ ಗೊತ್ತಿರುವ ಕಥೆ. ಬೆನೆ ಇಸ್ರೇಲರ ಬಾಯಿಯಲ್ಲಿ ಉಳಿದದ್ದು ಬೇರೆ: ಸೆರೆಯಾಳುಗಳು ತಮ್ಮ ಜಾತಿ ಹೇಳಿಕೊಂಡಾಗ, ಕುರಾನಿನಲ್ಲಿ ಬರುವ ಬನೀ ಇಸ್ರಾಯೀಲರು ಇವರೇ ಎಂದು ಟಿಪ್ಪುವಿನ ತಾಯಿ ಅವರ ಜೀವ ಉಳಿಸಿದಳಂತೆ. ಬಿಡುಗಡೆಯಾದರೆ ಮಂದಿರ ಕಟ್ಟಿಸುವೆನೆಂದು ದಿವೇಕರ್ ಹರಕೆ ಹೊತ್ತನಂತೆ.

ಈ ಕಥೆ ಹೇಳುವ ಸಮುದಾಯದ ಚರಿತ್ರೆಕಾರ ಹಾಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ತಮ್ಮ ಗ್ರಂಥವನ್ನು ಬರೆದದ್ದು 1897ರಲ್ಲಿ, ಅಚ್ಚಾದದ್ದು 1937ರಲ್ಲಿ. ಘಟನೆಗೂ ಬರವಣಿಗೆಗೂ ನಡುವೆ ನೂರಕ್ಕೂ ಹೆಚ್ಚು ವರ್ಷ. ರಾಜಮಾತೆಯ ಪ್ರಸಂಗವನ್ನು ನಾನು ಸಮುದಾಯದ ಸ್ಮೃತಿ ಎಂದೇ ಓದುತ್ತೇನೆ, ದಾಖಲೆ ಎಂದಲ್ಲ. ಹರಕೆಯೊಂದೇ ಕಾರಣವಾಗಿದ್ದರೆ ಹನ್ನೆರಡು ವರ್ಷ ಏಕೆ ಕಾಯಬೇಕಿತ್ತು? ಯುದ್ಧ ಮುಗಿಸಿದ ಮಂಗಳೂರು ಒಪ್ಪಂದ ಆದದ್ದು 1784ರಲ್ಲಿ, ಮಂದಿರ ಎದ್ದದ್ದು 1796ರಲ್ಲಿ. ಅಷ್ಟರಲ್ಲಿ ಮುಂಬಯಿಯಲ್ಲಿ ಒಂದು ಮಂದಿರವನ್ನು ತುಂಬುವಷ್ಟು ಬೆನೆ ಇಸ್ರೇಲರು ನೆಲೆಸಿದ್ದರು ಎಂಬುದೂ ಲೆಕ್ಕಕ್ಕೆ ಬರಬೇಕು.

ಮುಂಬಯಿಯ ಮಾಂಡವಿಯ ಆ ಮಂದಿರವೇ ಶಾರ್ ಹಾರಹಮೀಮ್, ಕರುಣೆಯ ಬಾಗಿಲು. ನಗರದ ಮೊದಲ ಸಿನಗಾಗ್. ಕಟ್ಟಡವೇನೋ ಎದ್ದಿತು, ಓದಲು ತೋರಾ ಬೇಕಲ್ಲ! ಶತಮಾನಗಳ ಕಾಲ ಗ್ರಂಥವಿಲ್ಲದೆ, 'ಶೆಮಾ' ಪ್ರಾರ್ಥನೆ, ಸುನ್ನತಿ, ಶನಿವಾರದ ವಿಶ್ರಾಂತಿಗಳಲ್ಲೇ ಧರ್ಮ ಉಳಿಸಿಕೊಂಡವರು ಇವರು. ಸುರುಳಿ ಸಿಗುವ ಊರು ಕೊಚ್ಚಿ. ಅಲ್ಲಿಯ ಪರದೇಸಿ ಸಿನಗಾಗ್ 1568ರದು. ಸುರುಳಿಗಾಗಿ ದಿವೇಕರ್ ಅಲ್ಲಿಗೆ ಹೋದ, 1797ರಲ್ಲಿ ಅಲ್ಲೇ ತೀರಿಕೊಂಡ.

ಅವನು ರಣದಲ್ಲಿ ಬೀಳಲಿಲ್ಲ. ಸೈನಿಕನಾಗಿದ್ದರೂ ಅವನ ನೆನಪು ಪೂಜಾಸಾಮಗ್ರಿಗೆ ಅಂಟಿಕೊಂಡಷ್ಟು ಕತ್ತಿಗೆ ಅಂಟಿಕೊಂಡಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯಿಂದಲೇ ಗುರುಗಳು ಬಂದು ಹೀಬ್ರೂ ಪಠಣ ಕಲಿಸಿದರು. ದಿವೇಕರ್ ಹೊರಟಿದ್ದ ಕೆಲಸ ಮುಂದುವರಿದದ್ದು ಹಾಗೆ.

ಮಂದಿರ 1860ರಲ್ಲಿ ಈಗಿನ ಜಾಗಕ್ಕೆ ಬಂತು. ಜನ ಅದನ್ನು ಜೂನಿ (ಹಳೆಯ) ಮಸೀದಿ ಎಂದರು. ಪಕ್ಕದ ಮಸ್ಜಿದ್ ಲೋಕಲ್ ನಿಲ್ದಾಣಕ್ಕೆ ಹೆಸರು ಬಂದದ್ದು ಇದರಿಂದಲೇ ಎಂಬ ಮಾತಿದೆ. 1948ರ ನಂತರ ಸಮುದಾಯದ ಬಹುಪಾಲು ಇಸ್ರೇಲಿಗೆ ಹೋಯಿತು. ಹಾಗಾಗಿ ಮುಂಬಯಿಯ ಸಿನಗಾಗ್‌ಗಳ ಬೆಳ್ಳಿ, ಹಿತ್ತಾಳೆ, ಮರದ ಮೇಲಿನ ಹೀಬ್ರೂ ಮತ್ತು ಮರಾಠಿ ಬರಹಗಳನ್ನು ಶಾಸನಗಳಂತೆ ಪ್ರತಿ ಮಾಡಿಕೊಳ್ಳುವ ಕೆಲಸಕ್ಕೆ ನಮ್ಮ ಶಾಸನತಜ್ಞರೂ ಕೈಜೋಡಿಸಬೇಕು. ಮೈಸೂರು ಯುದ್ಧಗಳ ಚರಿತ್ರೆಯ ಒಂದು ತುಣುಕು ಶ್ರೀರಂಗಪಟ್ಟಣದಲ್ಲಲ್ಲ, ಮಾಂಡವಿಯಲ್ಲಿದೆ.