ಎರಡು ಹೆಡ್‌ಗಳ ನಡುವಿನ ಅಂತರ



ಡೊಂಬಿವಲಿಯ ಕೇಳುಗರೊಬ್ಬರು ಕಳೆದ ವಾರ ಫೋನ್ ಮಾಡಿದ್ದರು. ಗಣೇಶೋತ್ಸವದ ಕನ್ನಡ ಆರ್ಕೆಸ್ಟ್ರಾದಲ್ಲಿ ಹಾಡುವವರು. ಬಾಡಿಗೆ ಮಿಕ್ಸರಿನ ಎಕೋದಲ್ಲಿ ಕಂಠವೇನೋ ಭರ್ಜರಿಯಾಗಿ ಕೇಳುತ್ತದೆ, ಸಾಹಿತ್ಯ ಮಾತ್ರ ಕಲಸುಮೇಲೋಗರ. "ಹಾಡು ಮುಗಿದ ಮೇಲೆ ನಮ್ಮಮ್ಮನೇ ಯಾವ ಹಾಡು ಅಂತ ಕೇಳಿದ್ರು ಸರ್! ಸ್ವಲ್ಪ ದುಡ್ಡು ಕೂಡಿಟ್ಟಿದ್ದೀನಿ, ಸ್ವಂತಕ್ಕೊಂದು ಡಿಲೇ ತಗೋಬೇಕು. ಅಂಗಡಿಯವರು ಟೇಪ್, ಅನಲಾಗ್, ಡಿಜಿಟಲ್ ಅಂತಾರೆ. ಯಾವುದು ತಗೊಳ್ಳಲಿ?"

ಅದು ಎರಡು ಮಾತಿನಲ್ಲಿ ಮುಗಿಯುವ ಪ್ರಶ್ನೆಯಲ್ಲ. ಆ ಮೂರು ಹೆಸರುಗಳ ಹಿಂದೆ ಮೂರು ಕಾಲಗಳಿವೆ.

ನಮ್ಮ ಸ್ಟುಡಿಯೋದ ಮೂಲೆಯಲ್ಲಿ ಹಳೆಯ ಸ್ಪೂಲ್ ಯಂತ್ರವೊಂದಿದೆ. ಹಿರಿಯ ಇಂಜಿನಿಯರೊಬ್ಬರು ಒಮ್ಮೆ ಅದನ್ನು ಓಡಿಸಿ, ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, "ಓದಿ ನೋಡೋಣ" ಅಂದರು. ನನ್ನ ದನಿ ನನಗೇ ಒಂದು ಕ್ಷಣ ತಡವಾಗಿ ಕೇಳಿಸಿತು. ಎರಡನೇ ವಾಕ್ಯಕ್ಕೇ ನಾಲಿಗೆ ತೊದಲಿತು! ಕಾರಣ ಸರಳ. ಒಂದು ಹೆಡ್ ಟೇಪಿನ ಮೇಲೆ ದನಿ ಬರೆಯುತ್ತದೆ, ಮುಂದಿನದು ಓದುತ್ತದೆ. ಅಂತರ 2 ಇಂಚು, ಟೇಪಿನ ವೇಗ ಸೆಕೆಂಡಿಗೆ 15 ಇಂಚು ಎನ್ನಿ. ದನಿ ಸುಮಾರು 133 ಮಿಲಿಸೆಕೆಂಡ್ ತಡ.

ಈ ತಡವನ್ನೇ ಸಂಗೀತಕ್ಕೆ ಬಳಸಿದವರಲ್ಲಿ ಅಮೆರಿಕದ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸ್ ಪ್ರಮುಖರು. 1954ರಲ್ಲಿ ಎಲ್ವಿಸ್ ಪ್ರೆಸ್ಲಿ ಅವರ ಸ್ಟುಡಿಯೋದಲ್ಲಿ ಹಾಡಿದಾಗ, ಎರಡು ಆಂಪೆಕ್ಸ್ ಯಂತ್ರಗಳ ನೆರವಿನಿಂದ ದನಿಯ ಬೆನ್ನಿಗೇ ಗೋಡೆಗೆ ಚೆಂಡು ಬಡಿದಂತೆ ಒಂದೇ ಒಂದು ಮಾರ್ದನಿ ಕೂಡಿಸಿದರು. ಅದನ್ನು ವೇದಿಕೆಗೆ ಒಯ್ಯುವುದು ಹೇಗೆ? ಇಲಿನಾಯ್ ರಾಜ್ಯದ ಸಂಗೀತ ಅಂಗಡಿಯವರಾದ ರೇ ಬಟ್ಸ್ ಆಂಪ್ಲಿಫೈಯರಿನ ಹೊಟ್ಟೆಯೊಳಗೇ ಟೇಪ್ ಕೂರಿಸಿದರು. ಅಂಥವು ತಯಾರಾದದ್ದು ಎಪ್ಪತ್ತಕ್ಕೂ ಕಡಿಮೆ. ಎಲ್ವಿಸ್‌ನ ಗಿಟಾರ್ ವಾದಕ ಸ್ಕಾಟಿ ಮೂರ್ 1955ರಲ್ಲಿ ಒಂದನ್ನು ಕೊಂಡರು. ಲಂಡನ್ನಿನ ಚಾರ್ಲಿ ವಾಟ್ಕಿನ್ಸ್ 1958ರಲ್ಲಿ ಕೈಯಲ್ಲಿ ಹಿಡಿದೊಯ್ಯುವ ಕಾಪಿಕ್ಯಾಟ್ ತಂದರು. 1974ರ ಹೊತ್ತಿಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಸ್ಪೇಸ್ ಎಕೋ ಬಂತು. ಟೇಪ್ ಸವೆಯುತ್ತಿತ್ತು, ಹೆಡ್ ಒರೆಸುತ್ತಲೇ ಇರಬೇಕಿತ್ತು, ದನಿ ಸಣ್ಣಗೆ ನಡುಗುತ್ತಿತ್ತು. ಅದೇ ನಡುಕವನ್ನು ಈಗ ಕಂಪ್ಯೂಟರಿನಲ್ಲಿ ನಕಲು ಮಾಡಿ ಮಾರುತ್ತಾರೆ, ನಾವೂ ಕೊಳ್ಳುತ್ತೇವೆ!

ಅನಲಾಗ್ ಕಥೆ ಶುರುವಾಗುವುದು 1969ರಲ್ಲಿ, ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ. ಬೆಂಕಿ ಆರಿಸಲು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸುವುದಿಲ್ಲವೇ, ಹಾಗೆಯೇ ಚಿಪ್ಪಿನೊಳಗೆ ದನಿಯ ವಿದ್ಯುತ್ತನ್ನು ದಾಟಿಸುವ ಉಪಾಯ. ಹೆಸರೂ ಅದೇ, 'ಬಕೆಟ್ ಬ್ರಿಗೇಡ್'. ದಾರಿಯಲ್ಲಿ ನೀರು ತುಳುಕುವಂತೆ ಇಲ್ಲಿಯೂ ನಷ್ಟವುಂಟು. ದನಿಯ ಚೂಪು ಹೋಗಿ ಮಾರ್ದನಿ ಮಂಕಾಗುತ್ತದೆ. ಡಿಜಿಟಲ್ಲಿನಲ್ಲಿ ಆ ಚಿಂತೆ ಇಲ್ಲ. 1983ರಲ್ಲಿ ಬಾಸ್ ಕಂಪನಿಯ ಡಿಡಿ-2 ಪೆಡಲ್ ಕಾಲಡಿಗೆ ಬಂದಾಗ 800 ಮಿಲಿಸೆಕೆಂಡಿನವರೆಗೂ ಸ್ವಚ್ಛ ಮಾರ್ದನಿ ಸಿಕ್ಕಿತು.

ಗಾಯಕರಿಗೆ ತೊಂದರೆ ಈ ಸ್ವಚ್ಛತೆಯಲ್ಲೇ ಇದೆ ಎಂಬುದು ನನ್ನ ಅನಿಸಿಕೆ. ಸಕಾರ, ಚಕಾರ, ಒತ್ತಕ್ಷರಗಳ ಸ್ಪಷ್ಟತೆ ಇರುವುದು ದನಿಯ ಚೂಪಿನಲ್ಲಿ. ಮಾರ್ದನಿಯೂ ಅಷ್ಟೇ ಚೂಪಾಗಿದ್ದರೆ ಹಿಂದಿನ ಅಕ್ಷರ ಮುಂದಿನದರ ಮೇಲೆ ಬಂದು ಬೀಳುತ್ತದೆ. ಟೇಪಿನ, ಬಕೆಟ್ಟಿನ ಮಂಕು ಮಾರ್ದನಿ ಹಿಂದೆ ಸರಿದು ನಿಲ್ಲುವುದರಿಂದ ಮಾತು ಉಳಿಯುತ್ತದೆ.

ಆದ್ದರಿಂದ ಡೊಂಬಿವಲಿಯ ಗೆಳೆಯರೇ, ಹಳೆಯ ಟೇಪ್ ಯಂತ್ರ ಹುಡುಕಿಕೊಂಡು ಹೋಗಬೇಡಿ. ರಿಪೇರಿಗೇ ನಿಮ್ಮ ದುಡ್ಡು ಕರಗೀತು. ಡಿಜಿಟಲ್ಲೇ ಸಾಕು, ಆದರೆ ಮಾರ್ದನಿಯ ಚೂಪು ತಗ್ಗಿಸುವ ಟೋನ್ ಗುಂಡಿ ಇರಲಿ. ಗಿಟಾರ್ ಪೆಡಲ್‌ಗೆ ಮೈಕ್ ನೇರವಾಗಿ ಹೊಂದದು, ಮೈಕ್ ಹಾಕುವ ಜಾಗ ಇರುವುದನ್ನೇ ಕೇಳಿ. 100ರಿಂದ 130 ಮಿಲಿಸೆಕೆಂಡ್, ಒಂದೇ ಮಾರ್ದನಿ, ಅದೂ ಮೆಲ್ಲಗೆ. ಅಂಗಡಿಯಲ್ಲಿ 'ಹಲೋ ಹಲೋ' ಅನ್ನಬೇಡಿ, ಒತ್ತಕ್ಷರ ತುಂಬಿದ ಒಂದು ಚರಣವನ್ನೇ ಹಾಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ, ದೂರದಲ್ಲಿ ನಿಲ್ಲಿಸಿ. ಅವರಿಗೆ ಹಾಡು ಯಾವುದೆಂದು ಗೊತ್ತಾದರೆ ದುಡ್ಡು ಕೊಡಿ.